ವಂದನಾರ್ಪಣೆಯ ವಿರುದ್ಧ ಮೇಲ್ಮನವಿ

ದಿವಂಗತ ದೇವೇಂದ್ರಪ್ಪನವರು ಮೊದಲ ಸಾಲಿನ ಕುರ್ಚಿಯಿಂದ ಎದ್ದು ನಿಂತಾಗ ಹನುಮಂತಯ್ಯನವರ ಕೈಯಲ್ಲಿದ್ದ ಮೈಕು ಕುಂಯ್ ಎಂದಿತು.

ಮಲ್ಲತ್ತಹಳ್ಳಿ ಕೆರೆಯ ಪಕ್ಕದ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ವಾರ್ಷಿಕೋತ್ಸವ ಅದು. ಸ್ವಾಗತ, ಪ್ರಾಸ್ತಾವಿಕ ನುಡಿ, ಮಕ್ಕಳ ಡಾನ್ಸು, ಅಧ್ಯಕ್ಷರ ಭಾಷಣ ಎಲ್ಲ ಮುಗಿದು ಎಂದಿನಂತೆ ಕಟ್ಟಕಡೆಗೆ ಹನುಮಂತಯ್ಯನವರ ವಂದನಾರ್ಪಣೆ ನಡೆದಿತ್ತು. ಶಾಮಿಯಾನದವರಾಯಿತು, ಕುರ್ಚಿಯವರಾಯಿತು, ಉಪ್ಪಿಟ್ಟಿನವರಾಯಿತು. "ಈ ವೇದಿಕೆಯನ್ನು ಕಟ್ಟಿಸಿಕೊಟ್ಟು, ಇಂದು ನಮ್ಮೊಡನೆ ಇಲ್ಲದಿದ್ದರೂ ಮೇಲಿನಿಂದ ನಮ್ಮನ್ನು ಹರಸುತ್ತಿರುವ ದಿವಂಗತ ವಕೀಲ ದೇವೇಂದ್ರಪ್ಪನವರಿಗೆ..." ಎನ್ನುವಷ್ಟರಲ್ಲಿ ದಿವಂಗತರು ಎದ್ದರು.

"ಮೇಲಿಂದ ಅಲ್ಲ ಕಣಯ್ಯ, ಫಸ್ಟ್ ರೋನಿಂದ ಹರಸ್ತಾ ಇದೀನಿ" ಎಂದರು.

ಪಾಪ, ಅವರು ಮಗಳ ಮನೆಗೆಂದು ದಾವಣಗೆರೆಗೆ ಹೋಗಿ ಕಣ್ಣಿನ ಪೊರೆ ತೆಗೆಸಿಕೊಂಡು ಹಿಂದಿನ ದಿನವಷ್ಟೇ ಬಂದಿದ್ದರು. ಕೆಲವು ತಿಂಗಳಿಂದ ಕೆರೆ ಏರಿಯ ಮೇಲೆ ವಾಕಿಂಗಿನಲ್ಲಿ ಕಾಣಿಸಿರಲಿಲ್ಲ. ಅಷ್ಟಕ್ಕೇ ಹನುಮಂತಯ್ಯನವರು ಒಂದು ತೀರ್ಮಾನಕ್ಕೆ ಬಂದುಬಿಟ್ಟಿದ್ದರು. ಸಭೆ ಬಿದ್ದು ಬಿದ್ದು ನಕ್ಕಿತು. ಯಾರೋ ಹಿಂದಿನಿಂದ, "ಆಯಸ್ಸು ಗಟ್ಟಿಯಾಯ್ತು ಬಿಡಿ ಸಾರ್!" ಎಂದು ಕೂಗಿದರು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಮೈಕು ಕೆಳಗಿಟ್ಟು ಹಿಂಬಾಗಿಲಿನಿಂದ ಹೊರಟುಬಿಡುತ್ತಿದ್ದರು. ಹನುಮಂತಯ್ಯನವರು ಬೆವರು ಒರೆಸಿಕೊಂಡು, "ಹಾಗೆಯೇ, ಬದುಕಿ ಬಂದು ಕಾರ್ಯಕ್ರಮಕ್ಕೆ ಶೋಭೆ ತಂದುದಕ್ಕಾಗಿ ಅವರಿಗೆ ಮತ್ತೊಮ್ಮೆ ವಂದನೆಗಳು" ಎಂದು ಮುಂದಿನ ಹೆಸರಿಗೆ ಹೋದರು.

ಇದೇ ಅವರ ಸಮಸ್ಯೆ. ನಿವೃತ್ತಿಯಾಗುವ ತನಕ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಗುಮಾಸ್ತರಾಗಿದ್ದ ಈ ಸಾಧು ಮನುಷ್ಯನಿಗೆ ಬೀಡಿ ಸಿಗರೇಟು ಗೊತ್ತಿಲ್ಲ, ಇಸ್ಪೀಟು ಗೊತ್ತಿಲ್ಲ. ವಂದನಾರ್ಪಣೆಯ ಚಟ ಒಂದೇ. ಸುಂಕದಕಟ್ಟೆಯಿಂದ ಹೆಗ್ಗನಹಳ್ಳಿಯವರೆಗೆ ಯಾವ ರಾಜ್ಯೋತ್ಸವವಿರಲಿ, ಗಣೇಶ ಕೂರಿಸಲಿ, ಕೊನೆಗೆ ಜನರನ್ನು ಊಟಕ್ಕೆ ಬಿಡುವ ಅಧಿಕಾರ ಅವರದು. ಹೆಲ್ಮೆಟ್ ಇಲ್ಲವೆಂದು ದಂಡ ಹಾಕಿದ ಪೊಲೀಸಿನವನಿಗೆ ಅವರು ನಿಂತಲ್ಲೇ ವಂದನೆ ಸಲ್ಲಿಸಿದ್ದುಂಟು. ಹಲ್ಲು ಕೀಳಿಸಿಕೊಂಡು, ಬಾಯಿ ತುಂಬ ಹತ್ತಿ ಇದ್ದಾಗಲೂ ಡಾಕ್ಟರಿಗೆ, ನರ್ಸಿಗೆ, ಕೊನೆಗೆ ಕಿತ್ತ ಹಲ್ಲಿಗೆ ಕೈಮುಗಿದಿದ್ದುಂಟು. ತಮ್ಮ ಮದುವೆಯ ಆರತಕ್ಷತೆಯಲ್ಲೇ ಮೈಕು ಹಿಡಿದು ಅಡುಗೆಯವರಿಗೆ, ಓಲಗದವರಿಗೆ, "ವಧುವನ್ನು ಸಕಾಲದಲ್ಲಿ ಒದಗಿಸಿಕೊಟ್ಟ" ಮಾವನವರಿಗೆ ಹೃತ್ಪೂರ್ವಕವಾಗಿ ವಂದಿಸಿದ್ದರು. (ವಧುವಿನ ಹೆಸರು ಮಾತ್ರ ಸಮಯದ ಅಭಾವದಿಂದ ಬಿಟ್ಟುಹೋಗಿತ್ತು.)

ಆ ವಧುವೇ ಪಟಾಲಮ್ಮ. ಗ್ರಾಮದೇವತೆಯ ಹೆಸರು ಹೊತ್ತ, ಕೆಂಗೇರಿಯ ಹಳೇ ಒಕ್ಕಲು ಮನೆತನದ ಹೆಣ್ಣುಮಗಳು. ಹೊಲಗಳೆಲ್ಲ ಸೈಟುಗಳಾದ ಮೇಲೆ ಆಕೆಯ ಪಾಲಿಗೆ ಉಳಿದ ಹೊಲವೆಂದರೆ ಮನೆಯ ತಾರಸಿ. ಆ ತಾರಸಿಯ ಮೇಲೆ ಸಂಕ್ರಾಂತಿ ಕಳೆದದ್ದೇ ಆಕೆಯ ಬೇಸಾಯ ಶುರು: ಅಕ್ಕಿ ಸಂಡಿಗೆ, ಅರಳು ಸಂಡಿಗೆ, ರಾಗಿ ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ. ಪಕ್ಕದ ಮನೆಯ ಕಲಾ ಮತ್ತು ಬೀದಿಯ ಇನ್ನಷ್ಟು ಹೆಂಗಸರು ಅಲ್ಲಿ ಕೂತು ಒತ್ತುವ ಸಂಡಿಗೆ ವಿಜಯನಗರ, ಬಸವೇಶ್ವರನಗರದ ಅಂಗಡಿಗಳಿಗೆ ಹೋಗುತ್ತದೆ. ಕಲಾಳ ಮಗಳ ಕಾಲೇಜು ಆ ಸಂಡಿಗೆಯ ಮೇಲೆ ನಡೆದಿದೆ. ಹನುಮಂತಯ್ಯನವರಿಗೂ ತಾರಸಿಯಲ್ಲಿ ಒಂದು ಹುದ್ದೆ ಉಂಟು. ಕಪ್ಪು ಕೊಡೆ ಬಿಚ್ಚಿ ಕಾಗೆ ಓಡಿಸುವುದು.

ವಾರ್ಷಿಕೋತ್ಸವದ ಮರುದಿನ ಆ ತಾರಸಿಗೆ ಟೇಪು, ಕೆಂಪು ಬಣ್ಣದ ಡಬ್ಬ ಹಿಡಿದುಕೊಂಡು ಬಸವಕಿರಣ್ ಎಂಬ ಹುಡುಗ ಹತ್ತಿ ಬಂದ. ತೇಜೋನಿಧಿ ಟ್ರಾನ್ಸ್‌ಮಿಷನ್ ಎಂಬ ಕಂಪನಿಯ ಸರ್ವೆಯವನು. ಬಂದವನೇ ಪ್ಯಾರಪೆಟ್ ಗೋಡೆಯ ಮೇಲೆ ಕೆಂಪು ಗೆರೆ ಎಳೆದ.

"ಏಯ್, ಯಾರಪ್ಪ ನೀನು? ಗೋಡೆಗೆ ಯಾಕೆ ಬಣ್ಣ ಬಳೀತಿದೀಯ?" ಎಂದರು ಪಟಾಲಮ್ಮ, ಕೈಯಲ್ಲಿ ಸಂಡಿಗೆ ಒರಳು.

"ಹೈ ಟೆನ್ಶನ್ ಲೈನ್ ಬರತ್ತೆ ಆಂಟಿ, ಈ ಸಾಲಿನ ಮನೆಗಳ ಮೇಲೆ. ಬಂದ್ಮೇಲೆ ತಾರಸಿಗೆ ಯಾರೂ ಹತ್ತಂಗಿಲ್ಲ. ಟೆನ್ಶನ್ ತಗೋಬೇಡಿ, ಮೆಟ್ಟಿಲಿಗೆ ಗೇಟು, ಬೀಗ ಎಲ್ಲ ಕಂಪನಿ ಖರ್ಚಲ್ಲೇ."

"ನನ್ನ ಮನೆ ಮೆಟ್ಟಿಲಿಗೆ ನಿನ್ನ ಬೀಗವಾ? ಯಾರನ್ನ ಕೇಳ್ಕೊಂಡು?"

"ಪರವಾನಗಿ ಆಯೋಗದ ಆರ್ಡರ್ ಆಗಿದೆ ಆಂಟಿ. ಹೋದ ತಿಂಗಳು ಸಮುದಾಯ ಭವನದಲ್ಲಿ ಪಬ್ಲಿಕ್ ಹಿಯರಿಂಗ್ ಮಾಡಿದ್ರಲ್ಲ. ಯಾರೂ ಅಬ್ಜೆಕ್ಷನ್ ಹೇಳ್ಲಿಲ್ಲ." ಹುಡುಗ ಕೊಡೆ ಹಿಡಿದು ಮೂಲೆಯಲ್ಲಿ ನಿಂತಿದ್ದವರನ್ನು ನೋಡಿ ಮುಖ ಅರಳಿಸಿದ. "ಅರೆ, ಅಂಕಲ್ ಇಲ್ಲೇ ಇದಾರೆ! ಇವರೇ ಅಲ್ವಾ ಮಾತಾಡಿದ್ದು? ಎಂಥ ಮಾತು ಆಂಟಿ! ನಮ್ ಎಂ.ಡಿ. ಕಣ್ಣಲ್ಲಿ ನೀರ್ ಬಂದ್ಬಿಡ್ತು!"

ಪಟಾಲಮ್ಮ ತಿರುಗಿ ನೋಡಿದರು. ಹನುಮಂತಯ್ಯನವರು ಕೊಡೆಯನ್ನು ಸ್ವಲ್ಪ ಕೆಳಗಿಳಿಸಿ ಅದರೊಳಗೆ ಮುಖ ಮುಚ್ಚಿಕೊಂಡರು.

ನಡೆದದ್ದಿಷ್ಟು. ಹಿಯರಿಂಗಿನ ದಿನ ಪಟಾಲಮ್ಮ ತಂಗಿಯ ಮಗಳ ಬಾಣಂತನಕ್ಕೆಂದು ಕೆಂಗೇರಿಯಲ್ಲಿದ್ದರು. ಸಮುದಾಯ ಭವನದಲ್ಲಿ ಮೈಕಿನ ಸದ್ದು ಕೇಳಿ ಹನುಮಂತಯ್ಯನವರನ್ನು ಕಾಲುಗಳು ತಾವಾಗಿಯೇ ಅತ್ತ ಎಳೆದವು. ಆಯೋಗದ ಕಾರ್ಯದರ್ಶಿ ಮಾತಾಡಿದರು, ಕಂಪನಿಯ ಎಂ.ಡಿ. ಮಾತಾಡಿದರು. ಕಾರ್ಯದರ್ಶಿ ನೀರು ಕುಡಿಯಲು ಒಂದು ಗಳಿಗೆ ಸುಮ್ಮನಾದರು. ವೇದಿಕೆ ಖಾಲಿ, ಮೈಕು ಖಾಲಿ, ವಂದಿಸುವವರು ಯಾರೂ ಇಲ್ಲ! ಅನಾಥವಾಗಿದ್ದ ಆ ಕಾರ್ಯಕ್ರಮವನ್ನು ನೋಡಿ ಹನುಮಂತಯ್ಯನವರ ಕರುಳು ಚುರ್ ಎಂದಿತು. ಓಡಿಹೋಗಿ ಮೈಕು ಹಿಡಿದರು.

"ಏನಂದ್ರಿ?" ಎಂದರು ಪಟಾಲಮ್ಮ.

"ಏನಿಲ್ಲ ಕಣೇ. ವಾಡಿಕೆ ಮಾತು ಅಷ್ಟೇ. ನಮ್ಮ ಮನೆಗಳ ಮೇಲೆ ಬೆಳಕಿನ ಚಪ್ಪರ ಹಾಕಲು ಮುಂದೆ ಬಂದಿರೋ ಕಂಪನಿಗೆ ಬಡಾವಣೆಯ ಸಮಸ್ತ ನಾಗರಿಕರ ಪರವಾಗಿ..."

"ಸಮಸ್ತ ನಾಗರಿಕರ ಪರವಾಗಿ?"

"...ಚಿರಋಣಿ ಅಂದೆ."

ಪಟಾಲಮ್ಮ ಒರಳನ್ನು ಕೆಳಗಿಟ್ಟರು. ಬೈಯಲಿಲ್ಲ. ಅದೇ ಹನುಮಂತಯ್ಯನವರಿಗೆ ಭಯ ಹುಟ್ಟಿಸಿದ್ದು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಸವಕಿರಣನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು, ಅವನು ಎಳೆದ ಕೆಂಪು ಗೆರೆಯನ್ನು ಅವನ ಕೈಯಲ್ಲೇ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿಸಿ ಕಳಿಸಿದರು. ಆಮೇಲೆ, "ನಡೀರಿ, ವಕೀಲರ ಮನೆಗೆ" ಎಂದರು.

ಬಡಾವಣೆಗೆ ವಕೀಲರೆಂದರೆ ದೇವೇಂದ್ರಪ್ಪನವರೇ. ಅವರು ಜಗುಲಿಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ಎಲ್ಲವನ್ನೂ ಕೇಳಿ, ಹನುಮಂತಯ್ಯನವರ ಕಡೆ ತಿರುಗಿ ಹೇಳಿದರು:

"ಹೈಕೋರ್ಟಿಗೆ ಮೇಲ್ಮನವಿ ಹಾಕ್ಬಹುದಮ್ಮ. ಒಳ್ಳೇ ಕೇಸು. ಆದ್ರೆ ಸತ್ತವನು ವಕಾಲತ್ತು ಹಾಕೋಕೆ ಬರಲ್ಲ."

"ಸಾರ್, ಅದು ಬಾಯ್ತಪ್ಪಿ..." ಎಂದು ಹನುಮಂತಯ್ಯನವರು ಕೈ ಹೊಸೆದರು.

"ಬಾಯ್ತಪ್ಪಿ ಏನಯ್ಯ? ನೀನು ಮೈಕಲ್ಲಿ ಹೇಳಿದ ಮೇಲೆ ನಮ್ಮ ಸೊಸೆಗೆ ಫೋನೋ ಫೋನು. ಹಾಲಿನವನು ಬೆಳಿಗ್ಗೆ ಹಾಲು ಹಾಕದೆ ಹೋಗಿದಾನೆ!"

ಪಟಾಲಮ್ಮ ಗಂಡನತ್ತ ನೋಡಲೂ ಇಲ್ಲ. "ಬೇಡಿ ಸಾರ್. ನಾನೇ ವಾದ ಮಾಡ್ತೀನಿ. ಮಾಡ್ಬಹುದಾ, ಇಲ್ವಾ?"

ದೇವೇಂದ್ರಪ್ಪನವರು ಕನ್ನಡಕ ತೆಗೆದು ಆಕೆಯನ್ನು ನೋಡಿದರು. ಹೊಸ ಕಣ್ಣಿಗೆ ಸಿಕ್ಕ ಮೊದಲ ದೊಡ್ಡ ದೃಶ್ಯ. "ಮಾಡ್ಬಹುದಮ್ಮ. ಸತ್ತವನು ಸಲಹೆ ಕೊಡೋಕೆ ಅಡ್ಡಿಯಿಲ್ಲ. ಒಂದೇ ಮಾತು ನೆನಪಿಟ್ಕೋ. ಲೈನು ಒಳ್ಳೇದೋ ಕೆಟ್ಟದೋ ಅಂತ ವಾದ ಮಾಡ್ಬೇಡ. ನಿಮ್ಮ ಮಾತು ಕೇಳಿದ್ರೋ ಇಲ್ವೋ, ಅಷ್ಟೇ ಪಾಯಿಂಟು." ಅಷ್ಟೇ ಅಲ್ಲ, ಅರ್ಜಿಯನ್ನೂ ಅವರೇ ಬರೆಸಿಕೊಟ್ಟರು. ಸಹಿ ಮಾತ್ರ ಹಾಕಲಿಲ್ಲ.

ಅಲ್ಲಿಂದ ಮುಂದೆ ಆ ಮನೆಯ ಅಡುಗೆಮನೆ ಕಾನೂನು ಕಾಲೇಜಾಯಿತು. ಕೋರ್ಟಿನ ಕಲಾಪ ಈಗ ಯೂಟ್ಯೂಬಿನಲ್ಲೇ ಬರುತ್ತದಷ್ಟೆ. ಪಟಾಲಮ್ಮ ಫೋನನ್ನು ಸಾಸಿವೆ ಡಬ್ಬಿಗೆ ಒರಗಿಸಿ, ಸಂಡಿಗೆ ಹಿಟ್ಟು ತಿರುವುತ್ತ ಅದನ್ನೇ ನೋಡತೊಡಗಿದರು. ಯಾವ ವಕೀಲ ಯಾವಾಗ ತಗ್ಗುತ್ತಾನೆ, ಯಾವಾಗ ಏರುತ್ತಾನೆ, ಜಡ್ಜು ಪೆನ್ನು ಕೆಳಗಿಟ್ಟರೆ ಏನರ್ಥ, ಕನ್ನಡಕ ಮೇಲೇರಿಸಿದರೆ ಏನರ್ಥ, ಎಲ್ಲ ಕರಗತವಾಯಿತು. ಸ್ವತಃ ವಾದಿಸುವವರನ್ನು ಮೊದಲು ಮಾತಾಡಿಸಿ ನೋಡುವ ಕೋರ್ಟಿನ ಕಮಿಟಿಯವರು, "ನಿಮಗೆ ವಕೀಲರು ಬೇಡವೇನಮ್ಮ?" ಎಂದು ಕೇಳಿದ್ದಕ್ಕೆ, "ನನ್ನ ಸಂಡಿಗೆ ಉಪ್ಪು ನಾನೇ ಹಾಕ್ತೀನಿ ಸಾರ್, ಬೇರೆಯವರ ಕೈಲಿ ಹಾಕ್ಸಲ್ಲ" ಎಂದು ಪಾಸಾಗಿ ಬಂದರು.

ಆದರೆ ಆ ಭಾಷೆ ಮನೆಯೊಳಕ್ಕೂ ನುಗ್ಗಿತು.

"ಪಟಾಲೂ, ಒಂದು ಕಾಫಿ..."

"ಪಾಸ್ ಓವರ್." (ಎಂದರೆ, ಈಗಲ್ಲ, ಪಟ್ಟಿಯಲ್ಲಿರುವ ಬೇರೆಯವೆಲ್ಲ ಮುಗಿದ ಮೇಲೆ.)

"ಬೆಳಿಗ್ಗೆಯಿಂದ ಇದು ಮೂರನೇ ಪಾಸ್ ಓವರ್ ಕಣೇ!"

"ವಿತ್ ಗ್ರೇಟ್ ರೆಸ್ಪೆಕ್ಟ್, ಅರ್ಜಿದಾರರೇ ಹಾಲು ಕಾಯಿಸಿಕೊಳ್ಳತಕ್ಕದ್ದು."

ಹನುಮಂತಯ್ಯನವರು ಹಾಲು ಕಾಯಿಸಿಕೊಂಡರು. ಉಕ್ಕಿಸಿದರು. ಒಲೆ ಒರೆಸಿದರು. ಒರೆಸುತ್ತಲೇ ಹಿಂದಿನಿಂದ ಹೆಂಡತಿಯ ಧ್ವನಿ ಕೇಳುತ್ತಿದ್ದರು. ಕಲಾಳನ್ನು ಎದುರಿಗೆ ಜಡ್ಜಾಗಿ ಕೂರಿಸಿ ವಾದ ಮಂಡನೆ ನಡೆದಿತ್ತು. ಇಷ್ಟು ವರ್ಷ ತಾವೊಬ್ಬರೇ ಈ ಮನೆಯ ಭಾಷಣಕಾರ ಎಂದು ಅವರು ತಿಳಿದಿದ್ದರು. ಒಂದು ವಾಕ್ಯಕ್ಕೆ ಒಂದೇ ಅರ್ಥ, ಅನಗತ್ಯ ವಿಶೇಷಣವಿಲ್ಲ, ಮುಗಿಯಬೇಕಾದಲ್ಲಿ ಮುಗಿಯುವ ಮಾತು. ಇದೇನು ವಿದ್ಯೆ! ಹೊಟ್ಟೆಕಿಚ್ಚೂ ಆಯಿತು, ಎದೆಯೂ ಉಬ್ಬಿತು. ಎರಡೂ ಒಟ್ಟಿಗೆ ಆಗಿ ಬಿಕ್ಕಳಿಕೆ ಬಂತು.

ವಿಚಾರಣೆಯ ದಿನ ಜ್ಞಾನಭಾರತಿಯಲ್ಲಿ ಮೆಟ್ರೋ ಹತ್ತಿದರು. ಪಟಾಲಮ್ಮ ಇಳಕಲ್ ಸೀರೆ ಉಟ್ಟು, ಕಡತವನ್ನು ಸಂಡಿಗೆ ಮಾರುವ ಬಟ್ಟೆ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದರು. ಹನುಮಂತಯ್ಯನವರು ದಾರಿಯುದ್ದಕ್ಕೂ ಸಹಪ್ರಯಾಣಿಕರಿಗೆಲ್ಲ, "ನಮ್ಮನೆಯವರು. ಹೈಕೋರ್ಟಲ್ಲಿ ಇವತ್ತು ಇವರದೇ ಆರ್ಗ್ಯುಮೆಂಟು" ಎಂದು ಪರಿಚಯ ಮಾಡಿಕೊಡುತ್ತಿದ್ದರು.

"ರೀ, ಒಳಗೆ ಹೋದ್ಮೇಲೆ ತುಟಿ ಬಿಚ್ಚಬಾರದು."

"ಇಲ್ಲ."

"ಯಾರಿಗೂ ಕೈ ಮುಗೀಬಾರದು."

"ಜಡ್ಜ್‌ಗೂ?"

"ಮುಗಿದು ಬಾಯಿ ಮುಚ್ಕೋಬೇಕು. ಒಪ್ಪಿಗೆ ಕೊಟ್ರಾ ಅಂತ ಅವರೇ ಕೇಳಿದ್ರೆ 'ಇಲ್ಲ ಸ್ವಾಮಿ', ಅಷ್ಟೇ."

ಕೋರ್ಟ್ ಹಾಲಿನಲ್ಲಿ "ಪಟಾಲಮ್ಮ ವರ್ಸಸ್ ಪರವಾನಗಿ ಆಯೋಗ ಮತ್ತು ಇತರರು" ಎಂದು ಕೂಗಿದಾಗ ಹನುಮಂತಯ್ಯನವರ ರೋಮ ನಿಮಿರಿತು. ಗ್ರಾಮದೇವತೆಯ ಹೆಸರಿನ ಮುಂದೆ ಆಯೋಗ ಎಷ್ಟರದು ಎನ್ನಿಸಿತು. ಆದರೆ ಕಂಪನಿಯ ಪರವಾಗಿ ಎದ್ದು ನಿಂತ ಹಿರಿಯ ವಕೀಲರನ್ನು ನೋಡಿದಾಗ ನಿಮಿರಿದ್ದು ಮಲಗಿತು. ಅವರ ಹಿಂದೆ ಕಡತ ಹೊತ್ತ ಕಿರಿಯ ವಕೀಲರ ದೊಡ್ಡ ಬಳಗವೇ ಇತ್ತು.

"ಮೈ ಲಾರ್ಡ್," ಎಂದರು ಹಿರಿಯ ವಕೀಲರು ನಗುತ್ತ, "ಸ್ಥಳೀಯರು ಆಕ್ಷೇಪಿಸಲಿಲ್ಲ ಎಂಬುದಷ್ಟೇ ಅಲ್ಲ. ಅವರು ಕೃತಜ್ಞತೆ ಸಲ್ಲಿಸಿದ್ದಾರೆ. ಅದೂ ಮೇಲ್ಮನವಿದಾರರ ಗಂಡನೇ." ಹೀಗೆಂದು ಹಿಯರಿಂಗಿನ ನಡಾವಳಿಯಲ್ಲಿ ದಾಖಲಾಗಿದ್ದ ಹನುಮಂತಯ್ಯನವರ ವಂದನಾರ್ಪಣೆಯನ್ನು ಬೆಳಕಿನ ಚಪ್ಪರದಿಂದ ಚಿರಋಣದವರೆಗೆ ಗಟ್ಟಿಯಾಗಿ ಓದಿದರು. ಹನುಮಂತಯ್ಯನವರಿಗೆ, ಇಂಥ ಸನ್ನಿವೇಶದಲ್ಲೂ, ಆಹಾ ಎಷ್ಟು ಸೊಗಸಾಗಿದೆ ಎಂದು ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ. ಮರುಕ್ಷಣವೇ ತಾರಸಿಯ ಮೆಟ್ಟಿಲಿಗೆ ಬಿದ್ದ ಬೀಗ ಕಣ್ಣಿಗೆ ಕಟ್ಟಿತು. ಆ ಬೀಗಕ್ಕೆ ಕೀಲಿ ತಿರುಗಿಸಿದ್ದು ತಮ್ಮದೇ ನಾಲಿಗೆ.

"ಏನಮ್ಮ ಹೇಳ್ತೀರಿ ಇದಕ್ಕೆ?" ಎಂದರು ನ್ಯಾಯಮೂರ್ತಿಗಳು, ಕನ್ನಡದಲ್ಲಿ.

ಪಟಾಲಮ್ಮ ಸೆರಗು ಸರಿಮಾಡಿಕೊಂಡರು. "ಅದು ಒಪ್ಪಿಗೆ ಅಲ್ಲ ಸ್ವಾಮಿ, ವಂದನಾರ್ಪಣೆ. ವಂದನಾರ್ಪಣೆ ಅಂದ್ರೆ ನಮ್ಮ ಕಡೆ, ಕಾರ್ಯಕ್ರಮ ಮುಗೀತು, ಏಳಿ ಅಂತ. ಆವಾಗ ಯಾರೂ ಕೇಳಿಸ್ಕೊಳ್ತಾ ಇರಲ್ಲ, ಎಲ್ಲಾ ಚಪ್ಪಲಿ ಹುಡುಕ್ತಾ ಇರ್ತಾರೆ."

ಹಾಲಿನಲ್ಲಿ ಗುಸುಗುಸು ನಗು. ನ್ಯಾಯಮೂರ್ತಿಗಳು ಕನ್ನಡಕ ಮೇಲೇರಿಸಿದರು. (ಒಳ್ಳೆಯ ಲಕ್ಷಣ.)

"ಇದು ಎದುರು ಪಾರ್ಟಿ ವಕೀಲರಿಗೂ ಗೊತ್ತು ಸ್ವಾಮಿ. ಅವರೂ ಎಷ್ಟೋ ಸಭೆಯಿಂದ ವಂದನಾರ್ಪಣೆಗೆ ಮುಂಚೆ ಎದ್ದು ಹೋಗಿರ್ತಾರೆ. ಈಗ ಅವರೇ ಒಂದು ಮಾತು ಹೇಳ್ಲಿ. ಕಾರ್ಯದರ್ಶಿ ಮಾತಾಡಿದ್ರು, ಕಂಪನಿಯೋರು ಮಾತಾಡಿದ್ರು, ಆಮೇಲೆ ನಮ್ಮನೆಯವರು ವಂದಿಸಿದ್ರು. ಜನ ಎದ್ರು. ಹಾಗಾದ್ರೆ 'ಆಕ್ಷೇಪಣೆ ಇದ್ರೆ ಹೇಳಿ' ಅಂತ ಜನಾನ ಕೇಳಿದ್ದು ಯಾವಾಗ?"

ಹಿರಿಯ ವಕೀಲರು ಹಿಂದಕ್ಕೆ ತಿರುಗಿದರು. ಹಿಂದಿನವರು ತಮ್ಮ ಹಿಂದಿನವರ ಕಡೆ ತಿರುಗಿದರು. ಕಡತಗಳು ಪರಪರ ಎಂದವು. ಕೊನೆಯವರ ಹಿಂದೆ ಗೋಡೆ ಇತ್ತು.

"ಕಂಪನಿ ಮಾತು ಕೇಳೋಕೆ ಸಭೆ ಸೇರಿಸಿದ್ರು ಸ್ವಾಮಿ. ನಮ್ಮ ಮಾತಿನ ಸರದಿ ಬರೋ ಹೊತ್ತಿಗೆ ನಮ್ಮನೆಯವರು ವಂದಿಸಿ ಬಾಗಿಲು ಹಾಕ್ಬಿಟ್ರು. ಅದನ್ನ ತಡೀಬೇಕಾದ್ದು ಆಯೋಗದವರ ಕೆಲಸ. ತಡೀಲಿಲ್ಲ, ಹಾಯಾಗಿ ಎದ್ದು ಹೋದ್ರು. ನನಗೆ ಕರೆಂಟು ಬೇಡ ಅಂತ ನಾನು ಬಂದಿಲ್ಲ. ನನ್ನ ಮನೇಲೂ ಮಿಕ್ಸಿ ಇದೆ. ಲೈನನ್ನ ದೊಡ್ಡ ರಸ್ತೆ ಕೆಳಗೆ ನೆಲದೊಳಗೆ ಹಾಕ್ಬಹುದಾ ಅಂತ ಒಂದು ಮಾತು ಕೇಳೋದಿತ್ತು. ಕೇಳೋಕೆ ಬಿಡ್ಲಿಲ್ಲ. ಅಷ್ಟೇ ನನ್ನ ಪಾಯಿಂಟು."

ಮುಗಿಯಬೇಕಾದಲ್ಲಿ ಮಾತು ಮುಗಿಯಿತು. ನೆಟ್ಟಗೆ ನಿಂತ ಆ ಇಳಕಲ್ ಸೀರೆಯ ಬೆನ್ನನ್ನು ಹನುಮಂತಯ್ಯನವರು ಇಷ್ಟು ದಿನ ಒಲೆಯ ಮುಂದೆಯೇ ನೋಡಿದ್ದರು.

"ಆ ನಿಮ್ಮ ಯಜಮಾನರು ಬಂದಿದ್ದಾರೆಯೇ?" ಎಂದರು ನ್ಯಾಯಮೂರ್ತಿಗಳು.

ಹನುಮಂತಯ್ಯನವರು ಎದ್ದರು.

"ನೀವು ಬಡಾವಣೆಯ ಪರವಾಗಿ ಈ ಮಾರ್ಗಕ್ಕೆ ಒಪ್ಪಿಗೆ ಕೊಟ್ಟಿರೋ, ಇಲ್ಲವೋ? ಅಷ್ಟು ಮಾತ್ರ ಹೇಳಿ."

ಇಲ್ಲ ಸ್ವಾಮಿ. ಎರಡೇ ಪದ. ಮೆಟ್ರೋದಲ್ಲಿ ಕಲಿತುಕೊಂಡು ಬಂದಿದ್ದ ಪದಗಳು. ಆದರೆ ಎದುರಿಗೆ ಎತ್ತರದ ವೇದಿಕೆ, ಸುತ್ತ ತುಂಬಿದ ಸಭೆ, ಮುಂದೆ ಮೈಕು! ಹನುಮಂತಯ್ಯನವರ ಬಾಯಿ ಹನುಮಂತಯ್ಯನವರನ್ನು ಕೇಳದೆಯೇ ತೆರೆದುಕೊಂಡಿತು.

"ಈ ಕಲಾಪದ ಘನ ಅಧ್ಯಕ್ಷತೆಯನ್ನು ವಹಿಸಿರುವ ನ್ಯಾಯಮೂರ್ತಿಗಳಿಗೆ ಅನಂತ ವಂದನೆಗಳು. ತಮ್ಮ ಅಮೂಲ್ಯ ಸಮಯವನ್ನು ಬಿಡುವು ಮಾಡಿಕೊಂಡು ನಮ್ಮ ವಿರುದ್ಧ ವಾದಿಸಲು ಆಗಮಿಸಿರುವ ಹಿರಿಯ ವಕೀಲರಿಗೂ, ಕಡತ ಹೊತ್ತು ತಂದ ಕಿರಿಯ ವಕೀಲರಿಗೂ, ತಂಪಾದ ಗಾಳಿ ಬೀಸುತ್ತಿರುವ ಫ್ಯಾನುಗಳಿಗೂ, ನಮ್ಮ ಮನೆ ಮೇಲೆ ಲೈನು ಎಳೆಯಲು ಉದ್ದೇಶಿಸಿ ಈ ಸಮಾರಂಭಕ್ಕೆ ಕಾರಣೀಭೂತರಾದ ಕಂಪನಿಯವರಿಗೂ..."

ಪಟಾಲಮ್ಮ ಕಣ್ಣು ಮುಚ್ಚಿಕೊಂಡರು. ನ್ಯಾಯಮೂರ್ತಿಗಳು ಮುಖಕ್ಕೆ ಅಡ್ಡಲಾಗಿ ಕಡತ ಹಿಡಿದುಕೊಂಡರು. ಕಡತ ಕುಲುಕುತ್ತಿತ್ತು. ಹಿಂದಿನ ಬೆಂಚಿನಲ್ಲಿದ್ದ ಯಾರೋ, ಬೇರೆ ಕೇಸಿನವರು, ವಂದನಾರ್ಪಣೆ ಕೇಳಿದ್ದೇ ಎದ್ದು ಚಪ್ಪಲಿ ಮೆಟ್ಟಿಕೊಳ್ಳತೊಡಗಿದರು.

"ಸಾಕು, ಸಾಕು, ಕೂತ್ಕೊಳ್ಳಿ," ಎಂದರು ನ್ಯಾಯಮೂರ್ತಿಗಳು ಸಾವರಿಸಿಕೊಂಡು. "ಪಟಾಲಮ್ಮನವರೇ, ನಿಮ್ಮ ಕಡೆಯಿಂದ ಇನ್ನೇನಾದರೂ ಆಧಾರ ಉಂಟೇ?"

"ಇನ್ನೂ ಬೇಕಾ ಸ್ವಾಮಿ?"

ಬೇಕಾಗಲಿಲ್ಲ. ಆದೇಶ ಅಲ್ಲೇ ಆಯಿತು. ಸಾರ್ವಜನಿಕರಿಗೆ ಮಾತಾಡಲು ಅವಕಾಶವನ್ನೇ ಕೊಡದೆ ಮುಗಿಸಿದ ಸಭೆ ವಿಚಾರಣೆಯಲ್ಲ. ಶ್ರೀ ಹನುಮಂತಯ್ಯ ಎಂಬುವರು ಸಲ್ಲಿಸಿರುವ ವಂದನೆಗೆ ಕಾನೂನಿನಲ್ಲಿ ಯಾವ ಬೆಲೆಯೂ ಇಲ್ಲ, ಅದರಿಂದ ಯಾರಿಗೂ ಯಾವ ಹಕ್ಕೂ ಬರುವುದಿಲ್ಲ, ಹೋಗುವುದೂ ಇಲ್ಲ. ಪರವಾನಗಿ ರದ್ದು. ಮತ್ತೆ ವಿಚಾರಣೆ ನಡೆಸತಕ್ಕದ್ದು.

ಹಾಗೆಯೇ ಮತ್ತೆ ವಿಚಾರಣೆ ನಡೆಯಿತು. ಸಮುದಾಯ ಭವನದಲ್ಲಿ ಹನುಮಂತಯ್ಯನವರನ್ನು ಕಲಾ ಮತ್ತು ದೇವೇಂದ್ರಪ್ಪನವರ ನಡುವೆ ಕೂರಿಸಿ, ಕೈಗೆ ಒಂದು ಡಬ್ಬ ಚಕ್ಕುಲಿ ಕೊಟ್ಟು, ಬಾಯಿ ಖಾಲಿಯಾಗದಂತೆ ನೋಡಿಕೊಂಡರು. ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಮಾತಾಡಿದರು. ಲೈನು ದೊಡ್ಡ ರಸ್ತೆಯ ಕೆಳಗೆ, ನೆಲದೊಳಗೆ ಹೋಗುವುದೆಂದು ತೀರ್ಮಾನವಾಯಿತು. ಆ ಸಭೆಗೆ ವಂದನಾರ್ಪಣೆಯೇ ಇರಲಿಲ್ಲವಾದ್ದರಿಂದ ಅದು ಮುಗಿಯಿತೆಂದು ಜನರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಮುಂದಿನ ಭಾನುವಾರ ಸಂಜೆ ಸಂಘದವರು ಅದೇ ತಾರಸಿಯ ಮೇಲೆ ಪಟಾಲಮ್ಮನವರಿಗೆ ಸನ್ಮಾನ ಇಟ್ಟುಕೊಂಡರು. ಸಂಡಿಗೆ ಚಾಪೆಗಳನ್ನು ಸುತ್ತಿಟ್ಟು ಕುರ್ಚಿ ಹಾಕಿದರು. ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಬಸವಕಿರಣ್ ಕೂಡ ಬಂದು ಕಾಲಿಗೆ ಬಿದ್ದು, "ಆಂಟಿ, ನಮ್ ಆಫೀಸಲ್ಲಿ ನಿಮ್ ಹೆಸರು ಹೇಳಿದ್ರೆ ಎಲ್ಲಾ ಎದ್ದು ನಿಲ್ತಾರೆ" ಎಂದ. ದೇವೇಂದ್ರಪ್ಪನವರು, ತಮ್ಮ ವೃತ್ತಿ ಜೀವನದಲ್ಲಿ ಇಷ್ಟು ಚಿಕ್ಕ ವಾದದಿಂದ ಇಷ್ಟು ದೊಡ್ಡ ಕೇಸು ಗೆದ್ದವರನ್ನು ಕಂಡಿಲ್ಲವೆಂದರು. ಪೇಟ ಕಣ್ಣಿನ ತನಕ ಇಳಿದಿದ್ದರೂ ಪಟಾಲಮ್ಮ ಬೆನ್ನು ಬಗ್ಗಿಸದೆ ಕೂತಿದ್ದರು.

ಕೊನೆಗೆ ಎಲ್ಲರೂ ಹನುಮಂತಯ್ಯನವರ ಕಡೆ ನೋಡಿದರು. ಅಷ್ಟು ದಿನದ ಉಪವಾಸ ಮುರಿಯಲು ಅನುಮತಿ ಸಿಕ್ಕಿತು. ಅಂದು ಅವರು ಮಾಡಿದಂಥ ವಂದನಾರ್ಪಣೆಯನ್ನು ಮಲ್ಲತ್ತಹಳ್ಳಿ ಹಿಂದೆಂದೂ ಕೇಳಿರಲಿಲ್ಲ. ಘನ ನ್ಯಾಯಾಲಯಕ್ಕೆ, ಇನ್ನೂ ನಮ್ಮೊಡನೆಯೇ ಇರುವ ದೇವೇಂದ್ರಪ್ಪನವರಿಗೆ, ಮೆಟ್ರೋ ರೈಲಿಗೆ, ಚಕ್ಕುಲಿಗೆ, ಬಸವಕಿರಣನ ಟೇಪಿಗೆ, ತಾರಸಿಯ ಮೇಲೆ ಬೀಳುವ ಸೂರ್ಯನಿಗೆ, ಬಂದು ಹೋಗುವ ಕಾಗೆಗಳಿಗೆ. ಯಾರೂ ಚಪ್ಪಲಿ ಹುಡುಕಲಿಲ್ಲ. ಚಪ್ಪಾಳೆ ಕೆರೆಯ ಆಚೆ ದಡಕ್ಕೂ ಕೇಳಿಸಿತು.

ಜನ ಇಳಿದುಹೋದ ಮೇಲೆ ತಾರಸಿಯಲ್ಲಿ ಇಬ್ಬರೇ ಉಳಿದರು. ಪಟಾಲಮ್ಮ ಪೇಟ ತೆಗೆದು ಹಣ್ಣಿನ ಬುಟ್ಟಿಯ ಮೇಲಿಟ್ಟು ಸಂಡಿಗೆ ಚಾಪೆ ಬಿಚ್ಚತೊಡಗಿದರು. ಹನುಮಂತಯ್ಯನವರು ಚಾಪೆಯ ಇನ್ನೊಂದು ತುದಿ ಹಿಡಿದುಕೊಂಡರು. ಮನಸ್ಸು ತುಂಬಿತ್ತು, ಆದರೂ ಎಲ್ಲೋ ಏನೋ ಒಂದು ಕೊರೆಯುತ್ತಿತ್ತು. ಬೆರಳು ಮಡಚಿ ಮಡಚಿ ಮತ್ತೊಮ್ಮೆ ಹೆಸರುಗಳನ್ನೆಲ್ಲ ನೆನಪಿಸಿಕೊಂಡರು. ಕಾಗೆಯ ತನಕ ಎಲ್ಲವೂ ಸರಿಯಾಗಿತ್ತು.

"ಅಲ್ವೇ, ವಂದನಾರ್ಪಣೆಯಲ್ಲಿ ನಾನು ಯಾರನ್ನಾದ್ರೂ ಮರೆತೆನೇನೇ?"

ಪಟಾಲಮ್ಮ ಚಾಪೆಯ ಸುಕ್ಕು ಬಿಡಿಸುತ್ತ ತಲೆ ಎತ್ತದೆ ಹೇಳಿದರು:

"ಮರೆತಿದ್ರೂ ಅವರಿಗೇನೂ ನಷ್ಟ ಇಲ್ಲ ಬಿಡಿ. ಹೈಕೋರ್ಟ್ ಆರ್ಡರ್ ಇದೆ."